ಐಷಾರಾಮಿ ಎಸ್‌ಯುವಿಯ ವೀಲ್ ಅಲೈನ್‌ಮೆಂಟ್: ಬಿಲ್ ಯಾಕೆ ದೊಡ್ಡದು, ಎಲ್ಲಿ ಉಳಿಸಬಹುದು

ದೊಡ್ಡ ಎಸ್‌ಯುವಿಯ ವೀಲ್ ಅಲೈನ್‌ಮೆಂಟ್‌ಗೆ, ಅಂದರೆ ಚಕ್ರಗಳ ಓರೆ ಅಳೆದು ಸರಿಮಾಡುವುದಕ್ಕೆ, ಎಷ್ಟಾಗುತ್ತದೆ ಎಂದು ಮೂರು ಕಡೆ ವಿಚಾರಿಸಿ ನೋಡಿ. ಮೂರು ಬೇರೆ ಉತ್ತರ ಸಿಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಹಲವು ಪಟ್ಟು ವ್ಯತ್ಯಾಸ ಇದ್ದರೂ ಆಶ್ಚರ್ಯವಿಲ್ಲ. ಯಾರೋ ಮೋಸ ಮಾಡುತ್ತಿದ್ದಾರೆ ಎಂದು ತಕ್ಷಣ ಅನ್ನಿಸುತ್ತದೆ. ಒಮ್ಮೊಮ್ಮೆ ಅದು ನಿಜವೂ ಇರಬಹುದು. ಆದರೆ ಹೆಚ್ಚಿನ ಸಲ ಮೂವರೂ ಹೇಳುತ್ತಿರುವುದು ಮೂರು ಬೇರೆ ಬೇರೆ ಕೆಲಸದ ಬೆಲೆ. ಒಬ್ಬರು ಮುಂದಿನ ಎರಡು ಚಕ್ರ ಮಾತ್ರ ನೋಡುತ್ತಾರೆ. ಇನ್ನೊಬ್ಬರು ನಾಲ್ಕೂ ಚಕ್ರ ಅಳೆದು, ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿಯ ಚೀಲದ ಮೇಲೆ ಗಾಡಿ ನಿಲ್ಲಿಸುವ ವ್ಯವಸ್ಥೆ) ಎತ್ತರ ಸರಿಮಾಡಿ, ಸೆನ್ಸರ್ ರೀಸೆಟ್ ಮಾಡಿ ಕೊಡುತ್ತಾರೆ. ಮೂರನೆಯವರ ಲೆಕ್ಕದಲ್ಲಿ ಗಾಜಿನ ಹಿಂದಿನ ಕ್ಯಾಮೆರಾದ ಕ್ಯಾಲಿಬ್ರೇಷನ್ (ನೋಟದ ದಿಕ್ಕು ಸರಿಹೊಂದಿಸುವುದು) ಕೂಡ ಸೇರಿರುತ್ತದೆ.

ಹಾಗಾಗಿ "ಎಷ್ಟು?" ಎಂದು ಕೇಳುವ ಮೊದಲು "ಏನೇನು?" ಎಂದು ಕೇಳಬೇಕು. ನನ್ನ ಒಂದೇ ಸಲಹೆ ಇದು: ಅಳತೆಗೆ ಬೇರೆ, ಅಡ್ಜಸ್ಟ್‌ಮೆಂಟ್‌ಗೆ ಬೇರೆ ದರ ಕೇಳಿ. ಅಳತೆಯ ಪ್ರಿಂಟ್‌ಔಟ್ ಕೈಗೆ ಬಂದ ಮೇಲೆ ಉಳಿದ ಮಾತು. ಅದನ್ನು ಹಂತ ಹಂತವಾಗಿ ಹೇಗೆ ಮಾಡುವುದು ಎಂದು ಕೆಳಗೆ ಬರೆದಿದ್ದೇನೆ.

ಮೊದಲು, ತೊಂದರೆ ಅಲೈನ್‌ಮೆಂಟ್‌ದೇನಾ ಅಂತ ನೋಡಿಕೊಳ್ಳಿ

ಸ್ಟೀರಿಂಗ್ ನಡುಗಿತು ಅಂದರೆ ಸಾಕು, ಅಲೈನ್‌ಮೆಂಟ್ ಮಾಡಿಸಲು ಓಡುವವರು ಬಹಳ ಜನ. ಆ ನಡುಕಕ್ಕೂ ಅಲೈನ್‌ಮೆಂಟ್‌ಗೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ. ಒಂದು ವೇಗ ದಾಟಿದ ಮೇಲೆ ಶುರುವಾಗುವ ನಡುಕ ಹೆಚ್ಚಾಗಿ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಇರುವುದು) ತಪ್ಪಿದ್ದರಿಂದ ಬರುತ್ತದೆ, ಇಲ್ಲವೇ ರಿಮ್ ಬೆಂಡ್ ಆಗಿರುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ನೋಡಿಸಿ. ಬ್ಯಾಲೆನ್ಸಿಂಗ್ ಅಗ್ಗದ ಕೆಲಸ. ಅದನ್ನು ಬಿಟ್ಟು ಅಲೈನ್‌ಮೆಂಟ್‌ಗೆ ದುಡ್ಡು ಸುರಿದರೆ ನಡುಕ ಅಲ್ಲೇ ಇರುತ್ತದೆ.

ಅಲೈನ್‌ಮೆಂಟ್ ತಪ್ಪಿದ್ದರ ಗುರುತುಗಳೇ ಬೇರೆ. ಗಾಡಿ ನೇರ ಹೋಗುತ್ತಿರುವಾಗ ಸ್ಟೀರಿಂಗ್ ವೀಲ್ ಸೊಟ್ಟಗೆ ನಿಂತಿರುತ್ತದೆ. ಸಮತಟ್ಟು ರಸ್ತೆಯಲ್ಲೂ ಗಾಡಿ ಒಂದೇ ಕಡೆ ಎಳೆಯುತ್ತದೆ. ಟೈರಿನ ಒಂದು ಅಂಚು ಮಾತ್ರ ಸವೆದಿರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನಡುವಿಗೆ ಬರಲು ಸೋಮಾರಿತನ ತೋರಿಸುತ್ತದೆ.

ಎಳೆತದ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಿ. ನೀರು ಹರಿದುಹೋಗಲಿ ಎಂದು ರಸ್ತೆಯನ್ನು ಅಂಚಿನ ಕಡೆ ಇಳಿಜಾರಾಗಿ ಮಾಡಿರುತ್ತಾರೆ, ಅಷ್ಟಕ್ಕೇ ಗಾಡಿ ಅತ್ತ ವಾಲಬಹುದು. ಟೈರಿನ ಒಳಗಿನ ದೋಷದಿಂದಲೂ ಎಳೆತ ಬರುತ್ತದೆ. ಅದನ್ನು ಹಿಡಿಯುವುದು ಸುಲಭ. ಮುಂದಿನ ಎಡ ಬಲ ಚಕ್ರ ಅದಲು ಬದಲು ಮಾಡಿ ಓಡಿಸಿ. ಎಳೆತ ಇನ್ನೊಂದು ಕಡೆಗೆ ತಿರುಗಿದರೆ ತಪ್ಪು ಟೈರಿನದು, ಅಲೈನ್‌ಮೆಂಟ್‌ದಲ್ಲ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ ಈ ಪರೀಕ್ಷೆ ಬೇಡ.

ಸವೆತ ನೋಡುವುದಕ್ಕೆ ಕಣ್ಣಿಗಿಂತ ಕೈ ಒಳ್ಳೆಯದು. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲು ತಾಗಿದಂತೆ ಅನ್ನಿಸಿದರೆ ಅದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ, ತಪ್ಪಿದ ಲಕ್ಷಣ. ಒಳಅಂಚು ಮಾತ್ರ ನುಣ್ಣಗಾಗಿದ್ದರೆ ಚಕ್ರದ ವಾಲುವಿಕೆ, ಅಂದರೆ ಕ್ಯಾಂಬರ್, ಜಾಸ್ತಿ ನೆಗೆಟಿವ್ (ಮೇಲ್ಭಾಗ ಒಳಕ್ಕೆ) ಆಗಿರಬಹುದು, ಜೊತೆಗೆ ಟೋ ಕೂಡ ಸೇರಿಕೊಂಡಿರುತ್ತದೆ. ಎರಡೂ ಅಂಚು ಸವೆದು ನಡುಭಾಗ ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬುಷ್ (ಸಸ್ಪೆನ್ಷನ್ ಕೀಲಿನ ರಬ್ಬರ್) ಹೋಗಿರುವ ಸಂಭವ ಹೆಚ್ಚು.

ದೊಡ್ಡ ಎಸ್‌ಯುವಿಯಲ್ಲಿ ಹಿಂದಿನ ಟೈರಿನ ಒಳಅಂಚು ಸುಮ್ನೆ ನಿಂತು ನೋಡಿದರೆ ಕಾಣುವುದೇ ಇಲ್ಲ. ಅಗಲ ಅಷ್ಟಿರುತ್ತದೆ. ಹೊರಗಿನಿಂದ ಹೊಸದರಂತೆ ಹೊಳೆಯುವ ಟೈರು ಒಳಗೆ ತಂತಿ ಕಾಣುವಷ್ಟು ಸವೆದಿರಬಹುದು. ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೊಬೈಲ್ ಹಿಡಿದ ಕೈಯನ್ನು ಟೈರಿನ ಹಿಂದೆ ಚಾಚಿ ಒಂದು ಫೋಟೊ ತೆಗೆಯಿರಿ. ಗಾಡಿಯ ಕೆಳಗೆ ಮಾತ್ರ ನುಗ್ಗಬೇಡಿ. ಏರ್ ಸಸ್ಪೆನ್ಷನ್ ಇದ್ದರೆ ಗಾಡಿ ತಾನಾಗಿ ಕೆಳಗೆ ಇಳಿಯಬಹುದು.

ನಿಮ್ಮ ಗಾಡಿಯಲ್ಲಿ ಏನೇನಿದೆ, ಪಟ್ಟಿ ಮಾಡಿ

ಬಿಲ್ ದೊಡ್ಡದಾಗುವುದು ಬಾನೆಟ್ ಮೇಲಿನ ಲೋಗೊದಿಂದ ಮಾತ್ರ ಅಲ್ಲ. ಕೆಳಗಿರುವ ಸಾಮಾನಿನಿಂದ. ಒಂದೊಂದು ಸೌಕರ್ಯವೂ ಬಿಲ್ಲಿನಲ್ಲಿ ಒಂದೊಂದು ಸಾಲು ಸೇರಿಸುತ್ತದೆ.

ಹಿಂದಿನ ಸಸ್ಪೆನ್ಷನ್‌ನಿಂದ ಶುರು ಮಾಡೋಣ. ಎಷ್ಟೋ ಸಣ್ಣ ಕಾರುಗಳ ಹಿಂದೆ ಒಂದೇ ತೊಲೆಯಂಥ ಆಕ್ಸಲ್ ಇರುತ್ತದೆ, ಅಲ್ಲಿ ತಿರುಗಿಸಿ ಸರಿಮಾಡಲು ಏನೂ ಇರುವುದಿಲ್ಲ. ಐಷಾರಾಮಿ ಎಸ್‌ಯುವಿಗಳಲ್ಲಿ ಹಾಗಲ್ಲ. ಹಿಂದಿನ ಒಂದೊಂದು ಚಕ್ರವನ್ನೂ ಹಲವು ಆರ್ಮ್‌ಗಳು (ತೋಳಿನಂಥ ಸರಳುಗಳು) ಹಿಡಿದಿರುತ್ತವೆ. ಎಡದ ಟೋ ಬೇರೆ, ಬಲದ ಟೋ ಬೇರೆ, ಕ್ಯಾಂಬರ್ ಬೇರೆ. ಕೆಲಸ ಅಲ್ಲೇ ಹೆಚ್ಚು ಕಡಿಮೆ ಇಮ್ಮಡಿ ಆಗುತ್ತದೆ. ಆ ಬೋಲ್ಟ್ ತಲುಪಲು ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಬೇಕಾದರೆ ಇನ್ನೊಂದಿಷ್ಟು ಹೊತ್ತು.

ಆಮೇಲೆ ಏರ್ ಸಸ್ಪೆನ್ಷನ್. ಗಾಡಿ ಎಷ್ಟು ಎತ್ತರದಲ್ಲಿ ನಿಂತಿದೆ ಎನ್ನುವುದರ ಮೇಲೆ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ. ಗಾಡಿ ತಗ್ಗಿದಷ್ಟೂ ಚಕ್ರದ ಮೇಲ್ಭಾಗ ಒಳಗೆ ವಾಲುತ್ತದೆ. ಹಾಗಾಗಿ ರೇಂಜ್ ರೋವರ್, ಆಡಿ ಕ್ಯೂ7, ಪೋರ್ಷೆ ಕಯೆನ್, ಮರ್ಸಿಡಿಸ್ ಜಿಎಲ್‌ಎಸ್‌ನಂಥ ಗಾಡಿಗಳಲ್ಲಿ ಏರ್ ಸಸ್ಪೆನ್ಷನ್ ಇದ್ದರೆ ಮೊದಲು ಕಂಪನಿ ಹೇಳಿದ ಎತ್ತರಕ್ಕೆ ಗಾಡಿಯನ್ನು ತಂದು ನಿಲ್ಲಿಸಬೇಕು. ಅದಕ್ಕೆ ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಬೇಕು. ನಾಲ್ಕೂ ಮೂಲೆಯಲ್ಲಿ ಎತ್ತರ ಅಳೆಯಬೇಕು. ಒಂದು ಮೂಲೆಯ ಹೈಟ್ ಸೆನ್ಸರ್ ತಪ್ಪು ಹೇಳುತ್ತಿದ್ದರೆ ಮೊದಲು ಅದು ಸರಿಯಾಗಬೇಕು. ಇಷ್ಟೂ ಬಿಟ್ಟು, ಗಾಡಿ ಬಂದು ನಿಂತ ಎತ್ತರದಲ್ಲೇ ಟೋ ತಿರುಗಿಸಿ ಕಳಿಸಿದರೆ ಪ್ರಿಂಟ್‌ಔಟ್ ಹಸಿರಾಗಿರುತ್ತದೆ (ಹಸಿರು ಎಂದರೆ ಸರಿ, ಕೆಂಪು ಎಂದರೆ ತಪ್ಪು), ರಸ್ತೆಗಿಳಿದ ಮೇಲೆ ಅಳತೆ ಬೇರೆಯೇ ಆಗಿರುತ್ತದೆ. ಕಡಿಮೆ ದರದ ಕೆಲಸ ಹೆಚ್ಚಾಗಿ ಕೈಕೊಡುವುದು ಇಲ್ಲೇ.

ಸ್ಪ್ರಿಂಗ್ ಇರುವ ಗಾಡಿಗಳಲ್ಲೂ ಎತ್ತರದ ಮಾತು ಬರುತ್ತದೆ. ಬಿಎಂಡಬ್ಲ್ಯುನ ಹಲವು ಮಾದರಿಗಳಿಗೆ ಮುಂದಿನ ಎರಡು ಸೀಟಿನ ಮೇಲೆ ತಲಾ 68 ಕೆಜಿ, ಹಿಂದಿನ ಸೀಟಿನ ನಡುವೆ 68 ಕೆಜಿ, ಡಿಕ್ಕಿಯಲ್ಲಿ 21 ಕೆಜಿ ತೂಕ ಇಟ್ಟು, ಟ್ಯಾಂಕ್ ತುಂಬಿಸಿ ಅಳೆಯಬೇಕು ಎಂಬ ಕ್ರಮ ಇದೆ. ಅಷ್ಟು ತೂಕ ಹೊತ್ತು ಇಟ್ಟು ಆಮೇಲೆ ಇಳಿಸುವುದಕ್ಕೂ ಸಮಯ ಹಿಡಿಯುತ್ತದೆ. ಸಮಯಕ್ಕೆ ದುಡ್ಡು.

ಹಿಂದಿನ ಚಕ್ರಗಳೂ ತಿರುಗುವ ಗಾಡಿ ನಿಮ್ಮದಾಗಿದ್ದರೆ ಜಾಗ ಆರಿಸುವಾಗ ಇನ್ನೂ ಎಚ್ಚರ ಬೇಕು. ಆಡಿ ಕ್ಯೂ7ನಲ್ಲಿ ಈ ವ್ಯವಸ್ಥೆ ಇದ್ದರೆ ಹಿಂದಿನ ಚಕ್ರ 5 ಡಿಗ್ರಿವರೆಗೆ ತಿರುಗುತ್ತದೆ. 2022ರ ಹೊಸ ರೇಂಜ್ ರೋವರ್‌ನಲ್ಲಿ 7.3 ಡಿಗ್ರಿವರೆಗೆ. ಮರ್ಸಿಡಿಸ್ ಇಕ್ಯೂಎಸ್ ಎಸ್‌ಯುವಿಯಲ್ಲಿ 10 ಡಿಗ್ರಿವರೆಗೂ ಹೋಗುತ್ತದೆ. ಹಿಂದಿನ ಟೋ ಅಳೆಯುವ ಮೊದಲು ಆ ಚಕ್ರ ತಿರುಗಿಸುವ ಮೋಟರ್ ಸರಿಯಾಗಿ ನಡುವಿನಲ್ಲಿ ನಿಂತಿರಬೇಕು. ಅದನ್ನು ನಿಲ್ಲಿಸುವುದೂ ಸ್ಕ್ಯಾನರ್ ಕೆಲಸವೇ. ಇದು ಗೊತ್ತಿಲ್ಲದ ಕಡೆ ಗಾಡಿ ಕೊಡಬೇಡಿ, ಎಷ್ಟೇ ಕಡಿಮೆ ಹೇಳಲಿ.

ಟೈರ್ ಅಳತೆಯನ್ನೂ ಬರೆದುಕೊಳ್ಳಿ. ಬಿಎಂಡಬ್ಲ್ಯು ಎಕ್ಸ್5ಗೆ 21 ಇಂಚಿನ ರಿಮ್ ಹಾಕಿದಾಗ ಮುಂದೆ 275/40, ಹಿಂದೆ 315/35 ಬರುವುದುಂಟು. ಹೀಗೆ ಮುಂದೆ ಹಿಂದೆ ಬೇರೆ ಅಗಲ ಇದ್ದರೆ ಟೈರನ್ನು ಮುಂದಿನಿಂದ ಹಿಂದಕ್ಕೆ ರೊಟೇಷನ್ ಮಾಡಲಾಗದು. ಅಲೈನ್‌ಮೆಂಟ್ ತಪ್ಪಿನಿಂದ ಆಗುವ ಸವೆತವನ್ನು ಹಂಚಿಕೊಳ್ಳಲು ಬೇರೆ ಟೈರ್ ಇಲ್ಲ, ಆ ಎರಡೇ ಪೂರ್ತಿ ತಾಳಿಕೊಳ್ಳಬೇಕು. 21, 22 ಇಂಚಿನ ರಿಮ್ ಹಿಡಿಯುವ ಕ್ಲಾಂಪ್ ಎಲ್ಲ ಮಷಿನ್‌ನಲ್ಲೂ ಇರುವುದಿಲ್ಲ ಎನ್ನುವುದೂ ನೆನಪಿರಲಿ. ಎರಡೂವರೆ ಟನ್ ತೂಗುವ ಗಾಡಿಯನ್ನು ಎತ್ತುವ ಲಿಫ್ಟ್ ಕೂಡ ಬೇಕಲ್ಲ.

ಕೊನೆಗೆ ಕ್ಯಾಮೆರಾ, ರಾಡಾರ್. ಲೇನ್ ಬಿಡದಂತೆ ನೋಡಿಕೊಳ್ಳುವ, ಮುಂದಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಇದೆಯೇ? ಅದರ ಕತೆ ಉದ್ದ, ಮುಂದೆ ಹೇಳುತ್ತೇನೆ.

ಫೋನ್ ಮಾಡಿ ಕೇಳಬೇಕಾದ ಪ್ರಶ್ನೆಗಳು

ಗಾಡಿಯ ಮಾದರಿ, ವರ್ಷ, ಮೇಲಿನ ಪಟ್ಟಿ ಎದುರಿಗಿಟ್ಟುಕೊಂಡು ಫೋನ್ ಮಾಡಿ. "ಎಸ್‌ಯುವಿ ಅಲೈನ್‌ಮೆಂಟ್ ಎಷ್ಟು?" ಎಂದರೆ ಅವರು ಅತಿ ಕಡಿಮೆ ದರ ಹೇಳಿ ಕರೆಸಿಕೊಳ್ಳುತ್ತಾರೆ. ಬಂದ ಮೇಲೆ ಒಂದೊಂದೇ ಸೇರುತ್ತದೆ. ಹೀಗೆ ಕೇಳಿ:

- ಅಳತೆ ಮಾತ್ರ ಮಾಡಿ ಪ್ರಿಂಟ್‌ಔಟ್ ಕೊಡಲು ಎಷ್ಟು? ಆಮೇಲೆ ಅಡ್ಜಸ್ಟ್ ಮಾಡಿಸಿದರೆ ಆ ದುಡ್ಡು ಅದರಲ್ಲೇ ಸೇರುತ್ತದೆಯೇ?
- ನಾಲ್ಕೂ ಚಕ್ರದ ಟೋ ಮತ್ತು ಕ್ಯಾಂಬರ್ ಒಂದೇ ದರದಲ್ಲಿ ಬರುತ್ತದೆಯೇ, ಹಿಂದಿನದಕ್ಕೆ ಬೇರೆಯೇ?
- ನನ್ನ ಗಾಡಿಯ ಏರ್ ಸಸ್ಪೆನ್ಷನ್ ಅನ್ನು ಅಲೈನ್‌ಮೆಂಟ್ ಮೋಡ್‌ಗೆ ಹಾಕುವ ಸ್ಕ್ಯಾನರ್ ಇದೆಯೇ?
- ಸ್ಟೀರಿಂಗ್ ಆಂಗಲ್ ಸೆನ್ಸರ್ ರೀಸೆಟ್ ಸೇರಿದೆಯೇ?
- ಕ್ಯಾಮೆರಾ ಕ್ಯಾಲಿಬ್ರೇಷನ್ ಬೇಕಾದರೆ ಇಲ್ಲೇ ಮಾಡುತ್ತೀರಾ, ಹೊರಗೆ ಕಳಿಸುತ್ತೀರಾ?
- ಬೋಲ್ಟ್ ಹಿಡಿದುಕೊಂಡಿದ್ದರೆ ಹೆಚ್ಚುವರಿ ಲೇಬರ್ ಹೇಗೆ ಲೆಕ್ಕ ಹಾಕುತ್ತೀರಿ?

ಉತ್ತರಗಳಿಗಿಂತ ಉತ್ತರಿಸುವ ರೀತಿ ಹೆಚ್ಚು ಹೇಳುತ್ತದೆ. ಮೂರನೇ ಪ್ರಶ್ನೆಗೆ "ಅದೆಲ್ಲ ಬೇಕಾಗಲ್ಲ ಸಾರ್" ಎಂದರೆ ಅಲ್ಲಿಗೆ ಹೋಗುವುದು ಬೇಡ.

ದರ ಹೋಲಿಸುವಾಗ ಗಂಟೆಯ ಲೆಕ್ಕ ಇಟ್ಟುಕೊಂಡರೆ ಗೊಂದಲ ಕಡಿಮೆ. ಬರೀ ಅಳತೆಗೆ ಸುಮಾರು ಅರ್ಧ ಗಂಟೆ ಸಾಕು. ನಾಲ್ಕೂ ಚಕ್ರ ಸರಿಮಾಡಲು ಒಂದರಿಂದ ಒಂದೂವರೆ ಗಂಟೆ. ಕ್ಯಾಮೆರಾ ಕ್ಯಾಲಿಬ್ರೇಷನ್ ಸೇರಿದರೆ ಅದಕ್ಕೇ ಇನ್ನೊಂದೆರಡು ಗಂಟೆ ಹಿಡಿದೀತು. ಇಷ್ಟನ್ನು ಅಲ್ಲಿನ ಒಂದು ಗಂಟೆಯ ಲೇಬರ್ ದರದಿಂದ ಗುಣಿಸಿ. ಬಂದ ಮೊತ್ತಕ್ಕೂ ಅವರು ಹೇಳಿದ್ದಕ್ಕೂ ಬಹಳ ಅಂತರ ಇದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ತೀರಾ ಕಡಿಮೆ ಇದ್ದರೂ ಕೇಳಿ.

ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಲೇಬರ್ ದರ ಜಾಸ್ತಿ. ಆದರೆ ಆ ಗಾಡಿಯ ಸ್ಕ್ಯಾನರ್, ಅಳತೆಯ ಪಟ್ಟಿ ಅಲ್ಲಿ ಇದ್ದೇ ಇರುತ್ತದೆ. ಈ ಬ್ರಾಂಡ್‌ಗಳನ್ನೇ ನೋಡುವ ಸ್ವತಂತ್ರ ಗ್ಯಾರೇಜ್‌ಗಳಲ್ಲಿ ಅದೇ ಕೆಲಸ ಕಡಿಮೆಗೆ ಆಗುತ್ತದೆ, ನನಗೆ ಕೇಳಿದರೆ ಹೆಚ್ಚಿನವರಿಗೆ ಅದೇ ಸರಿ. ಟೈರ್ ಅಂಗಡಿಯಲ್ಲಿ ಮಷಿನ್ ಹೊಸದಿರಬಹುದು, ಆದರೆ ನಿಮ್ಮ ಗಾಡಿಗೆ ಬೇಕಾದ ಸ್ಕ್ಯಾನರ್ ಇದೆಯೇ ಎಂದು ಕೇಳದೆ ಹೋಗಬೇಡಿ. ಸ್ಪ್ರಿಂಗ್ ಸಸ್ಪೆನ್ಷನ್ ಇರುವ, ಹಿಂದಿನ ಚಕ್ರ ತಿರುಗದ ಎಸ್‌ಯುವಿಗೆ ಒಳ್ಳೆಯ ಟೈರ್ ಅಂಗಡಿಯೂ ಸಾಕು.

ಗಾಡಿ ಕೊಡುವ ಮೊದಲು ಮಾಡಿಕೊಳ್ಳಬೇಕಾದ್ದು

ಟೈರ್ ತಣ್ಣಗಿರುವಾಗ ಗಾಳಿ ಸರಿಯಾಗಿ ಹಾಕಿಸಿ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಸಾಮಾನು ಇಳಿಸಿ. ಹೊಸ ಟೈರ್ ಹಾಕಿಸುವುದಿದ್ದರೆ ಮೊದಲು ಟೈರ್, ಆಮೇಲೆ ಅಲೈನ್‌ಮೆಂಟ್. ಲೋವರ್ ಆರ್ಮ್, ಟೈ ರಾಡ್, ಬುಷ್, ಶಾಕ್ ಯಾವುದನ್ನು ಬದಲಿಸುವುದಿದ್ದರೂ ಅದೇ ಕ್ರಮ. ಅಲೈನ್‌ಮೆಂಟ್ ಮಾಡಿಸಿದ ಮರುವಾರ ಆರ್ಮ್ ಬದಲಿಸಿದರೆ ಮೊದಲ ದುಡ್ಡು ದಂಡ.

ಸವೆದ ಬುಷ್ ಬಗ್ಗೆ ಒಂದು ಮಾತು. ಬುಷ್ ಸಡಿಲವಿದ್ದರೆ ಮಷಿನ್ ಮೇಲೆ ಸರಿ ಕಂಡ ಅಳತೆ ಬ್ರೇಕ್ ಒತ್ತಿದ ಕ್ಷಣ ಬದಲಾಗುತ್ತದೆ. ಇಂಥ ಗಾಡಿ ಪದೇ ಪದೇ ಅಲೈನ್‌ಮೆಂಟ್‌ಗೆ ಬರುತ್ತಲೇ ಇರುತ್ತದೆ. ಮೆಕ್ಯಾನಿಕ್ "ಮೊದಲು ಬುಷ್ ಹಾಕಿಸಿ, ಈಗ ಅಲೈನ್‌ಮೆಂಟ್ ಬೇಡ" ಅಂದರೆ ಅವರು ಬಿಲ್ ಏರಿಸುತ್ತಿದ್ದಾರೆ ಎಂದುಕೊಳ್ಳಬೇಡಿ. ಚಕ್ರವನ್ನು ಎತ್ತಿ ಅಲ್ಲಾಡಿಸಿ ಸಡಿಲ ಎಲ್ಲಿದೆ ಎಂದು ತೋರಿಸಲು ಹೇಳಿ. ತೋರಿಸಿದರೆ ಒಪ್ಪಿಕೊಳ್ಳಿ.

ಗಾಡಿ ಮಷಿನ್ ಮೇಲೆ ನಿಂತಾಗ

ಸಾಧ್ಯವಿದ್ದರೆ ಹತ್ತಿರ ನಿಂತು ನೋಡಿ. ಲಿಫ್ಟ್ ಮೇಲೆ ಹತ್ತಿಸುವ ಮೊದಲು ಏರ್ ಸಸ್ಪೆನ್ಷನ್ ಅನ್ನು ಜಾಕ್ ಮೋಡ್‌ಗೆ (ತಾನಾಗಿ ಎತ್ತರ ಬದಲಿಸದಂತೆ ತಡೆಯುವ ಸ್ಥಿತಿಗೆ) ಹಾಕಬೇಕಾದ ಗಾಡಿಗಳಿವೆ, ಅದನ್ನು ನೆನಪಿಸಿ. ಕಂಪ್ಯೂಟರ್‌ನಲ್ಲಿ ಗಾಡಿ ಆರಿಸುವಾಗ ಮಾದರಿ ಮಾತ್ರವಲ್ಲ, ಸ್ಪ್ರಿಂಗ್ ಸಸ್ಪೆನ್ಷನ್ನೋ ಏರ್ ಸಸ್ಪೆನ್ಷನ್ನೋ ಎನ್ನುವುದನ್ನೂ ಆರಿಸಬೇಕು. ಒಂದೇ ಮಾದರಿಯಲ್ಲೂ ಎರಡಕ್ಕೂ ಅಳತೆ ಬೇರೆ ಇರಬಹುದು. ಇಲ್ಲಿ ತಪ್ಪು ಸಾಲು ಒತ್ತಿದರೆ ಮುಂದಿನದ್ದೆಲ್ಲ ತಪ್ಪು.

ಕ್ಲಾಂಪ್ ಹಾಕಿದ ಮೇಲೆ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸುತ್ತಾರೆ. ಕ್ಲಾಂಪ್ ಕೂತಿರುವುದರಲ್ಲಿ, ರಿಮ್‌ನಲ್ಲಿ ಇರುವ ಸಣ್ಣ ಓರೆಯನ್ನು ಲೆಕ್ಕದಿಂದ ಕಳೆಯಲು ಇದು ಬೇಕು. ಮುಂದಿನ ಚಕ್ರಗಳು ತಿರುಗುವ ತಟ್ಟೆಯ ಮೇಲೆ, ಹಿಂದಿನವು ಜಾರುವ ಪಟ್ಟಿಯ ಮೇಲೆ ಇರಬೇಕು. ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಸ್ಟೀರಿಂಗ್ ಅಕ್ಷದ ಓರೆ, ಅಳೆಯಲು ಸ್ಟೀರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸುತ್ತಾರೆ. ಅದನ್ನು ಮಾಡದಿದ್ದರೆ ಪ್ರಿಂಟ್‌ಔಟ್‌ನಲ್ಲಿ ಕ್ಯಾಸ್ಟರ್ ಜಾಗ ಖಾಲಿ ಇರುತ್ತದೆ.

ಅಳತೆ ಮುಗಿದ ಕೂಡಲೇ "ಒಂದು ನಿಮಿಷ, ಮೊದಲು ಪ್ರಿಂಟ್ ಕೊಡಿ" ಎನ್ನಿ. ಸ್ಪ್ಯಾನರ್ ಕೈಗೆ ಬರುವ ಮೊದಲೇ.

ಪ್ರಿಂಟ್‌ಔಟ್ ಓದುವುದು

ಹಸಿರು ಕೆಂಪು ನೋಡಿ ಸುಮ್ಮನಾಗಬೇಡಿ. ಮೊದಲು ಅಂಕಿ ಯಾವ ಲೆಕ್ಕದಲ್ಲಿದೆ ನೋಡಿ. 0°12' ಎಂದಿದ್ದರೆ 12 ಮಿನಿಟ್, ಅಂದರೆ 0.20 ಡಿಗ್ರಿ. ಒಂದು ಡಿಗ್ರಿಗೆ 60 ಮಿನಿಟ್. ಇದನ್ನು 0.12 ಎಂದು ಓದಿಕೊಂಡು ಹಳೆಯ ಪ್ರಿಂಟ್ ಜೊತೆ ಹೋಲಿಸಿ ಜಗಳ ತೆಗೆದವರಿದ್ದಾರೆ.

ಟೋ ಅಂಕಿ ಸಣ್ಣದು, ಕೆಲಸ ದೊಡ್ಡದು. ಒಂದು ಚಕ್ರ ಹೋಗಬೇಕಾದ ದಿಕ್ಕಿಗಿಂತ ಬರೀ 0.1 ಡಿಗ್ರಿ ಓರೆ ಇದ್ದರೂ ಒಂದು ಕಿಲೋಮೀಟರ್ ಓಡಿದಾಗ ಟೈರನ್ನು ಸುಮಾರು 1.75 ಮೀಟರ್ ಅಡ್ಡಡ್ಡ ಉಜ್ಜಿದಂತೆ. 10,000 ಕಿಲೋಮೀಟರ್‌ಗೆ ಹದಿನೇಳೂವರೆ ಕಿಲೋಮೀಟರ್. ಅದೂ ಎರಡೂವರೆ ಟನ್ ಗಾಡಿಯ ಭಾರದ ಕೆಳಗೆ. ಟೋ ಕೆಂಪಿದ್ದರೆ ಯೋಚನೆ ಮಾಡದೆ ದುಡ್ಡು ಕೊಟ್ಟು ಸರಿಮಾಡಿಸಿ.

ಎಡ ಬಲ ಕೂಡಿದ ಒಟ್ಟು ಟೋ ಹಸಿರಿದ್ದೂ ಒಂದೊಂದೇ ಚಕ್ರ ಕೆಂಪಿರಬಹುದು. ಉದಾಹರಣೆಗೆ ಹಿಂದೆ ಎಡಕ್ಕೆ 0°02', ಬಲಕ್ಕೆ 0°14' ಎಂದಿಟ್ಟುಕೊಳ್ಳಿ. ಒಂದೊಂದು ಚಕ್ರಕ್ಕೆ ಇರಬೇಕಾದ್ದು 4ರಿಂದ 10 ಮಿನಿಟ್, ಒಟ್ಟು 8ರಿಂದ 20. ಎರಡೂ ಕೂಡಿದರೆ 16, ಹಸಿರು. ಆದರೆ ಎಡ ಕಡಿಮೆ, ಬಲ ಜಾಸ್ತಿ. ಎರಡರ ವ್ಯತ್ಯಾಸದ ಅರ್ಧ, 6 ಮಿನಿಟ್, ಥ್ರಸ್ಟ್ ಆಂಗಲ್ ಆಗುತ್ತದೆ. ಅಂದರೆ ಹಿಂದಿನ ಆಕ್ಸಲ್ ಗಾಡಿಯನ್ನು 0.1 ಡಿಗ್ರಿ ಓರೆಗೆ ತಳ್ಳುತ್ತಿದೆ. ಮುಂದಿನ ಚಕ್ರ ಎಷ್ಟೇ ಸರಿಮಾಡಿದರೂ, ಇದನ್ನು ಬಿಟ್ಟರೆ ಸ್ಟೀರಿಂಗ್ ನೇರ ಆಗುವುದಿಲ್ಲ. ಮುಂದಿನ ಟೋ ಮಾತ್ರ ತಿರುಗಿಸಿ ಕಳಿಸುವ ಅಗ್ಗದ ಅಲೈನ್‌ಮೆಂಟ್ ಸೋಲುವುದು ಹೀಗೆ.

ಕ್ಯಾಂಬರ್‌ನಲ್ಲಿ ಅಷ್ಟು ಆತುರ ಬೇಡ. ಹಲವು ಎಸ್‌ಯುವಿಗಳ ಹಿಂದಿನ ಚಕ್ರಕ್ಕೆ ಕಂಪನಿಯೇ ಒಂದು ಡಿಗ್ರಿಗಿಂತ ಹೆಚ್ಚು ನೆಗೆಟಿವ್ ಕ್ಯಾಂಬರ್ ಕೊಟ್ಟಿರುತ್ತದೆ. ಹಿಂದಿನಿಂದ ನೋಡಿದರೆ ಚಕ್ರ ವಾಲಿದಂತೆ ಕಾಣುವುದು ಸಹಜ. ರೇಂಜ್ ಒಳಗಿದ್ದು ಎಡ ಬಲ ಹೆಚ್ಚು ಕಡಿಮೆ ಸಮ ಇದ್ದರೆ ಬಿಡಿ. ರೇಂಜ್ ಹೊರಗಿದ್ದರೆ "ಯಾಕೆ?" ಎಂದು ಕೇಳಿ. ಎತ್ತರ ತಪ್ಪಿದೆಯೇ, ಬುಷ್ ಹೋಗಿದೆಯೇ, ಗುಂಡಿಗೆ ಬಿದ್ದು ಆರ್ಮ್ ಬಗ್ಗಿದೆಯೇ? ಅಡ್ಜಸ್ಟ್ ಮಾಡಲು ಕಂಪನಿ ಜಾಗವನ್ನೇ ಕೊಡದ ಕಡೆ ಜಾಕ್ ಕೊಟ್ಟು ಸ್ಟ್ರಟ್ (ಚಕ್ರ ಹಿಡಿದ ಶಾಕ್ ಕಂಬ) ಬಗ್ಗಿಸಿ ಕ್ಯಾಂಬರ್ ತೆಗೆಯುತ್ತೇನೆ ಎನ್ನುವವರಿದ್ದಾರೆ. ಬೇಡವೇ ಬೇಡ. ಬಗ್ಗಿದ ಭಾಗ ಬದಲಿಸಬೇಕೇ ಹೊರತು ಇನ್ನೊಂದನ್ನು ಬಗ್ಗಿಸಬಾರದು.

ಕ್ಯಾಸ್ಟರ್‌ನಿಂದ ಟೈರ್ ಸಾಮಾನ್ಯವಾಗಿ ಸವೆಯುವುದಿಲ್ಲ. ಎಡ ಬಲ ಅಂತರ ಜಾಸ್ತಿ ಇದ್ದರೆ ಗಾಡಿ ಎಳೆಯುತ್ತದೆ, ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ. ಅಷ್ಟು ತಿಳಿದಿದ್ದರೆ ಸಾಕು.

ಎಲ್ಲ ಅಂಕಿ ರೇಂಜ್ ಒಳಗಿದ್ದು, ಸ್ಟೀರಿಂಗ್ ನೇರ ಇದ್ದು, ಟೈರ್ ಸಮ ಸವೆದಿದ್ದರೆ ಅಳತೆಯ ದುಡ್ಡು ಕೊಟ್ಟು ಮನೆಗೆ ಹೋಗಿ. ಅಡ್ಜಸ್ಟ್‌ಮೆಂಟ್ ಬೇಕಾಗಿಲ್ಲ. ನೀವು ಉಳಿಸುವ ದೊಡ್ಡ ಮೊತ್ತ ಇದೇ.

ಬೋಲ್ಟ್ ತಿರುಗದಿದ್ದರೆ

ಹಳೆಯ ಗಾಡಿಗಳಲ್ಲಿ ಬಿಲ್ ಕೈಮೀರುವುದು ಇಲ್ಲಿ. ಹಿಂದಿನ ಆರ್ಮ್‌ಗಳ ಅಡ್ಜಸ್ಟ್‌ಮೆಂಟ್ ಬೋಲ್ಟ್ ತುಕ್ಕು ಹಿಡಿದು ಬುಷ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ. ಬಿಸಿ ಮಾಡಬೇಕು, ಕೊನೆಗೆ ಕತ್ತರಿಸಬೇಕು. ಕತ್ತರಿಸಿದರೆ ಹೊಸ ಬೋಲ್ಟ್, ಒಮ್ಮೊಮ್ಮೆ ಬುಷ್, ಕೆಟ್ಟರೆ ಇಡೀ ಆರ್ಮ್. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಹೇಳಿಡಿ: "ಬೋಲ್ಟ್ ತಿರುಗದಿದ್ದರೆ ನಿಲ್ಲಿಸಿ, ನನಗೆ ಫೋನ್ ಮಾಡಿ." ಅದನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ. ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬಾರದು ಎಂದು ಕಂಪನಿ ಹೇಳುವ ಬೋಲ್ಟ್‌ಗಳೂ ಇವೆ, ಅವುಗಳ ಬೆಲೆ ಬಿಲ್ಲಿನಲ್ಲಿ ಬಂದರೆ ಅದು ಸುಳ್ಳು ಖರ್ಚಲ್ಲ.

ಕ್ಯಾಮೆರಾ, ರಾಡಾರ್: ಬಿಲ್ಲಿನ ಅತಿ ದುಬಾರಿ ಸಾಲು

ಎಷ್ಟೋ ಸಲ ಅಲೈನ್‌ಮೆಂಟ್‌ಗಿಂತ ಇದರ ಖರ್ಚೇ ಜಾಸ್ತಿ. ಎರಡು ಬೇರೆ ಕೆಲಸಗಳನ್ನು ಇಲ್ಲಿ ಒಂದೇ ಎಂಬಂತೆ ಮಾತಾಡುತ್ತಾರೆ, ಬಿಡಿಸಿಕೊಳ್ಳಿ.

ಸ್ಟೀರಿಂಗ್ ಆಂಗಲ್ ಸೆನ್ಸರ್ ರೀಸೆಟ್ ಸಣ್ಣ ಕೆಲಸ. ಸ್ಟೀರಿಂಗ್ ನೇರ ಎಂದರೆ ಯಾವುದು ಎಂದು ಗಾಡಿಗೆ ಹೇಳಿಕೊಡುವುದು, ಅಷ್ಟೆ. ಸ್ಕ್ಯಾನರ್ ಹಾಕಿದರೆ ಕೆಲವೇ ನಿಮಿಷ. ಇದನ್ನು ಬಿಟ್ಟರೆ ಗಾಡಿ ಜಾರದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್‌ನ ದೀಪ ಹೊತ್ತಬಹುದು, ತಿರುವಿನಲ್ಲಿ ಬೇಡದ ಬ್ರೇಕ್ ಬೀಳಬಹುದು. ಇದಕ್ಕೆ ದೊಡ್ಡ ಮೊತ್ತ ಕೇಳಿದರೆ ಒಪ್ಪಬೇಡಿ.

ಕ್ಯಾಮೆರಾ ಮತ್ತು ರಾಡಾರ್ ಕ್ಯಾಲಿಬ್ರೇಷನ್ ನಿಜಕ್ಕೂ ದೊಡ್ಡ ಕೆಲಸ. ಸಮತಟ್ಟು ನೆಲ ಬೇಕು, ಗಾಡಿಯ ಮುಂದೆ ಅಳತೆಯ ಪ್ರಕಾರ ಗುರುತಿನ ಹಲಗೆ ನಿಲ್ಲಿಸಬೇಕು, ಸುತ್ತ ಜಾಗ ಖಾಲಿ ಇರಬೇಕು. ಕೆಲವು ಗಾಡಿಗಳಿಗೆ ಇದರ ಬದಲು, ಕೆಲವಕ್ಕೆ ಇದರ ಜೊತೆಗೆ, ಸ್ಕ್ಯಾನರ್ ಹಾಕಿಕೊಂಡು ರಸ್ತೆಯಲ್ಲಿ ಓಡಿಸಬೇಕು. ಯಾಕೆ ಇಷ್ಟೆಲ್ಲ? ಕ್ಯಾಮೆರಾ ಒಂದು ಡಿಗ್ರಿ ಓರೆ ನೋಡಿದರೆ 100 ಮೀಟರ್ ದೂರದಲ್ಲಿ ಅದು 1.75 ಮೀಟರ್ ತಪ್ಪು. ಪಕ್ಕದ ಲೇನಿನ ಗಾಡಿಯನ್ನು ನಿಮ್ಮ ಲೇನಿನದು ಎಂದುಕೊಳ್ಳಲು ಅಷ್ಟು ಸಾಕು. ಹಿಂದಿನ ಟೋ ಸರಿಮಾಡಿದಾಗ ಗಾಡಿ ಸಾಗುವ ದಿಕ್ಕೇ ಚೂರು ಬದಲಾಗುತ್ತದೆ, ಕ್ಯಾಮೆರಾ ಮಾತ್ರ ಹಳೆಯ ದಿಕ್ಕನ್ನೇ ನೇರ ಎಂದು ನಂಬಿರುತ್ತದೆ.

ಹಾಗೆಂದು ಪ್ರತಿ ಅಲೈನ್‌ಮೆಂಟ್‌ಗೂ ಇದು ಬೇಕಿಲ್ಲ. ಕೆಲವು ಕಂಪನಿಗಳು ಹಿಂದಿನ ಟೋ ಅಥವಾ ಗಾಡಿಯ ಎತ್ತರ ಬದಲಾದಾಗ ಮಾತ್ರ ಕೇಳುತ್ತವೆ. ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಯಾವಾಗ ಬೇಕು ಎಂದು ಬರೆದಿರುತ್ತದೆ. "ಆ ಪುಟ ತೋರಿಸಿ" ಎಂದು ಕೇಳಿ. ತೋರಿಸಿದರೆ ಚೌಕಾಶಿ ಮಾಡದೆ ಮಾಡಿಸಿ. ಮುಂದಿನ ಟೋ ಸ್ವಲ್ಪ ತಿರುಗಿಸಿ, ಥ್ರಸ್ಟ್ ಆಂಗಲ್ ಮುಂಚೆ ಹೇಗಿತ್ತೋ ಹಾಗೇ ಇದ್ದರೂ ಪೂರ್ತಿ ಕ್ಯಾಲಿಬ್ರೇಷನ್ ಬಿಲ್ ಹಾಕಿದ್ದರೆ, ಎರಡೂ ಪ್ರಿಂಟ್‌ಔಟ್ ಮುಂದಿಟ್ಟು ಮಾತಾಡಿ. ಕ್ರಮವೂ ಮುಖ್ಯ. ಅಲೈನ್‌ಮೆಂಟ್ ಮೊದಲು, ಕ್ಯಾಲಿಬ್ರೇಷನ್ ಆಮೇಲೆ. ಗಾಜು ಬದಲಿಸುವ ಕೆಲಸವೂ ಬಾಕಿ ಇದ್ದರೆ ಅದನ್ನೂ ಮುಗಿಸಿಕೊಂಡು ಒಂದೇ ಸಲ ಕ್ಯಾಲಿಬ್ರೇಷನ್ ಮಾಡಿಸಿ.

ದುಡ್ಡು ಕೊಡುವ ಮೊದಲು

ಮೆಕ್ಯಾನಿಕ್ ಜೊತೆ ಒಂದು ಸುತ್ತು ಓಡಿಸಿ. ಸಮತಟ್ಟು, ನೇರ ರಸ್ತೆ ಆರಿಸಿ. ಸ್ಟೀರಿಂಗ್ ನೇರ ಇದೆಯೇ, ತಿರುವಿನ ನಂತರ ತಾನಾಗಿ ಮರಳುತ್ತದೆಯೇ, ಡ್ಯಾಶ್‌ಬೋರ್ಡ್‌ನಲ್ಲಿ ಹೊಸ ದೀಪ ಹೊತ್ತಿದೆಯೇ? ಮೊದಲು, ನಂತರ ಎರಡೂ ಅಳತೆ ಇರುವ ಪ್ರಿಂಟ್ ತೆಗೆದುಕೊಳ್ಳಿ. ಬಿಲ್ಲಿನಲ್ಲಿ "ಅಲೈನ್‌ಮೆಂಟ್" ಎಂದು ಒಂದೇ ಸಾಲು ಬೇಡ. ಅಳತೆ, ಅಡ್ಜಸ್ಟ್‌ಮೆಂಟ್, ಸ್ಕ್ಯಾನರ್, ಕ್ಯಾಲಿಬ್ರೇಷನ್, ಬಿಡಿಭಾಗ, ತೆರಿಗೆ ಬೇರೆ ಬೇರೆ ಬರೆಸಿ. ತೊಂದರೆ ಇದ್ದರೆ ಎಷ್ಟು ದಿನದೊಳಗೆ ಮತ್ತೆ ಉಚಿತವಾಗಿ ನೋಡುತ್ತಾರೆ ಎನ್ನುವುದನ್ನೂ ಅಲ್ಲೇ ಬರೆಸಿಕೊಳ್ಳಿ.

ಗುಂಡಿಗೋ ಕಲ್ಲಿಗೋ ಬಡಿದು ಸಸ್ಪೆನ್ಷನ್ ಕೆಟ್ಟಿದ್ದು, ಅದಕ್ಕೆ ವಿಮೆ ಕ್ಲೈಮ್ ಮಾಡುತ್ತಿದ್ದರೆ ಅಲೈನ್‌ಮೆಂಟ್ ಮತ್ತು ಕ್ಯಾಲಿಬ್ರೇಷನ್ ಎರಡನ್ನೂ ಎಸ್ಟಿಮೇಟ್‌ನಲ್ಲೇ ಸೇರಿಸಲು ಹೇಳಿ. ಆಮೇಲೆ ಸೇರಿಸುವುದು ಕಷ್ಟ. ಗಾಡಿ ಹೊಸದಾಗಿದ್ದರೆ ವಾರಂಟಿ ಪುಸ್ತಕ ತೆಗೆದು ನೋಡಿ. ಮೊದಲ ಕೆಲವು ತಿಂಗಳು ಅಡ್ಜಸ್ಟ್‌ಮೆಂಟ್ ಉಚಿತ ಕೊಡುವ ಕಂಪನಿಗಳಿವೆ.

ಖರ್ಚು ಜಾಸ್ತಿ ಅನ್ನಿಸಿದರೆ ಅದನ್ನು ಟೈರ್ ಬೆಲೆಯ ಪಕ್ಕ ಇಟ್ಟು ನೋಡಿ. ಈ ಗಾಡಿಗಳ 21, 22 ಇಂಚಿನ ಒಂದು ಟೈರಿನ ದುಡ್ಡಿನಲ್ಲಿ ಹಲವು ಸಲ ನಾಲ್ಕೂ ಚಕ್ರದ ಅಳತೆ ಮಾಡಿಸಬಹುದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಎರಡೇ ಟೈರ್ ಬೇಗ ಸವೆದರೂ ಒಮ್ಮೊಮ್ಮೆ ನಾಲ್ಕನ್ನೂ ಬದಲಿಸಬೇಕಾಗುತ್ತದೆ, ಯಾಕೆಂದರೆ ಹೊಸ ಟೈರಿಗೂ ಹಳೆಯದಕ್ಕೂ ಎತ್ತರದ ವ್ಯತ್ಯಾಸ ಹೆಚ್ಚಾದರೆ ಮುಂದೆ ಹಿಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟು.

ಮತ್ತೆ ಯಾವಾಗ? ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರ್‌ಗೊಮ್ಮೆ ಅಳತೆ ಮಾತ್ರ ಮಾಡಿಸಿ. ಜೋರಾಗಿ ಗುಂಡಿಗೆ ಬಿದ್ದರೆ, ಹೊಸ ಟೈರ್ ಹಾಕಿಸಿದರೆ, ಸಸ್ಪೆನ್ಷನ್ ಬಿಚ್ಚಿದರೆ ಅಷ್ಟು ದಿನ ಕಾಯಬೇಡಿ. ಹೋಗುವಾಗ ಹಳೆಯ ಪ್ರಿಂಟ್‌ಔಟ್ ಜೊತೆಗಿರಲಿ. ಕಳೆದ ಸಲ ಸರಿಯಿದ್ದ ಒಂದೇ ಚಕ್ರದ ಅಂಕಿ ಈ ಸಲ ದೂರ ಸರಿದಿದ್ದರೆ ಎಲ್ಲಿ ಹುಡುಕಬೇಕು ಎಂದು ಮೆಕ್ಯಾನಿಕ್‌ಗೆ ಅರ್ಧ ಗೊತ್ತಾದಂತೆ, ಹುಡುಕಾಟದ ಲೇಬರ್ ಅಷ್ಟು ಕಡಿಮೆ.